ಅಪ್ಪ ನೀರು ಬಿಟ್ಟ ಎರಡು ವರ್ಷ

ಹಾರೂಗೇರಿಯ ಬಸ್ ಸ್ಟ್ಯಾಂಡಿನ ಎದುರು ನಾನು ಔಷಧದ ಅಂಗಡಿ ಇಟ್ಟದ್ದು ಎಂಬತ್ತರ ದಶಕದ ಆರಂಭದಲ್ಲಿ. ಡಿಪ್ಲೊಮಾದ ಪ್ರಮಾಣಪತ್ರಕ್ಕೆ ಕಟ್ಟು ಹಾಕಿಸಿ, ನಾನು ಕೂಡುವ ಜಾಗದ ಮೇಲೆಯೇ ತೂಗುಹಾಕಿದ್ದೆ. ವಯಸ್ಸು ಮೂವತ್ತರ ಆಚೀಚೆ. ಗೊತ್ತಿಲ್ಲ ಎಂಬ ಮಾತು ನನ್ನ ಬಾಯಿಂದ ಹೊರಡುವುದು ಕಷ್ಟವಿತ್ತು. ಜನ ನನ್ನನ್ನು ಡಾಕ್ಟರ್ ಎಂದೇ ಕರೆಯುತ್ತಿದ್ದರು, ನಾನೂ ತಿದ್ದುತ್ತಿರಲಿಲ್ಲ.

ಅಂಗಡಿಯಲ್ಲಿ ಕೂತವನಿಗೆ ಮೊದಲು ತಿಳಿಯುವುದು ಗಂಡಸರು ಎಷ್ಟು ನಾಚುತ್ತಾರೆ ಎಂಬುದು. ಹೆಂಗಸರು ಬಂದವರೇ ಚೀಟಿ ಚಾಚಿ, ಇಂಥದ್ದು ಆಗಿದೆ ಎಂದು ಹೇಳಿ, ಔಷಧ ತೆಗೆದುಕೊಂಡು ಬಸ್ಸು ಹಿಡಿಯುತ್ತಿದ್ದರು. ಐವತ್ತು ದಾಟಿದ ಗಂಡಸರು ಹಾಗಲ್ಲ. ಬಂದು ಕ್ಯಾಲೆಂಡರ್ ನೋಡುತ್ತಾ ನಿಲ್ಲುವರು. ಉಳಿದ ಗಿರಾಕಿಗಳೆಲ್ಲ ಹೋಗುವ ತನಕ ಕಾಯುವರು. ತಲೆನೋವಿನ ಎರಡು ಗುಳಿಗೆ ಕೇಳುವರು. ಅದನ್ನು ಕಿಸೆಗೆ ಹಾಕಿಕೊಂಡು ಹೊರಟಂತೆ ಮಾಡಿ, ತಿರುಗಿ ಬಂದು, ದನಿ ತಗ್ಗಿಸಿ, ತಮ್ಮ ಸಡ್ಡಕನಿಗೆ ಒಂದು ತ್ರಾಸು ಶುರುವಾಗಿದೆ ಎನ್ನುವರು. ಒಂದಕ್ಕೆ ಹೋದರೆ ಬೇಗ ಬರುವುದಿಲ್ಲ, ಬಂದರೂ ಧಾರೆ ಸಣ್ಣ, ಮುಗಿಯಿತು ಎಂದು ಎದ್ದರೆ ಮತ್ತೆ ನಾಲ್ಕು ಹನಿ. ಯಾವತ್ತೂ ಅದು ಸಡ್ಡಕನದ್ದೋ ಬೀಗರದ್ದೋ ಪಕ್ಕದ ತೋಟದವನದ್ದೋ ಆಗಿರುತ್ತಿತ್ತು. ನನ್ನ ನೆನಪಿನಲ್ಲಿ ಒಬ್ಬನೇ ಒಬ್ಬ ತನ್ನದೇ ಎಂದು ಹೇಳಿದ್ದಿಲ್ಲ.

ನಾನು ಅವರನ್ನು ಗೋಳು ಹೊಯ್ದುಕೊಳ್ಳುತ್ತಿದ್ದೆ. ನಿಮ್ಮ ಸಡ್ಡಕನನ್ನು ಕರೆದುಕೊಂಡು ಬನ್ನಿ, ಅಥವಾ ಅವನು ಇಲ್ಲೇ ನಿಂತಿದ್ದಾನೋ ಎಂದು ಕೇಳಿದರೆ ಕಿವಿ ಕೆಂಪಾಗುತ್ತಿತ್ತು. ಬಹಳ ಜನರ ಲೆಕ್ಕದಲ್ಲಿ ಇದೆಲ್ಲ ಉಷ್ಣ. ಕಬ್ಬಿನ ಹೊಲದಲ್ಲಿ ಬಿಸಿಲಿಗೆ ನಿಂತದ್ದರ ಉಷ್ಣ, ಖಾರ ತಿಂದದ್ದರ ಉಷ್ಣ, ಮೋಟಾರ್ ಸೈಕಲ್ ಸೀಟಿನ ಉಷ್ಣ. ಬಾರ್ಲಿ ಪುಡಿ ಕೊಡುತ್ತಿದ್ದೆ, ಉರಿಗೆ ಒಂದು ಕೆಂಪು ಸಿರಪ್ ಕೊಡುತ್ತಿದ್ದೆ, ಮಿರಜದ ದೊಡ್ಡ ಆಸ್ಪತ್ರೆಗೆ ಹೋಗಿ ತೋರಿಸಿ ಎಂದೂ ಹೇಳುತ್ತಿದ್ದೆ. ಮೊದಲೆರಡನ್ನು ಒಯ್ಯುತ್ತಿದ್ದರು, ಮೂರನೆಯದನ್ನು ಅಂಗಡಿಯಲ್ಲೇ ಬಿಟ್ಟು ಹೋಗುತ್ತಿದ್ದರು.

ನಮ್ಮ ಊರು ಕಾಗವಾಡದ ಹತ್ತಿರ. ಅಪ್ಪ ಅವ್ವ ಅಲ್ಲೇ ಇದ್ದರು, ಹೊಲವನ್ನು ನನ್ನ ತಮ್ಮ ನೋಡಿಕೊಳ್ಳುತ್ತಿದ್ದ. ಕಬ್ಬು ಇತ್ತು, ಒಂದಿಷ್ಟು ದ್ರಾಕ್ಷಿ ಇತ್ತು. ನಾನು ಭಾನುವಾರ ಅಂಗಡಿ ಮುಚ್ಚಿ ಕುಡಚಿಗೆ ಹೋಗಿ ಅಲ್ಲಿಂದ ಗಾಡಿ ಹಿಡಿದು ಊರಿಗೆ ಹೋಗಿ ಬರುತ್ತಿದ್ದೆ.

ನಮ್ಮ ಕಡೆಯ ಜೈನ ಮನೆಗಳಲ್ಲಿ ಹೊತ್ತು ಮುಳುಗುವ ಮೊದಲು ಊಟ ಮುಗಿಸುವುದು ಹಿರಿಯರ ಪದ್ಧತಿ. ರಾತ್ರಿ ನೀರನ್ನಾದರೂ ಕುಡಿಯುವವರು ಇದ್ದಾರೆ, ಅದನ್ನೂ ಬಿಟ್ಟವರು ಇದ್ದಾರೆ. ಅದಕ್ಕೂ ಮೇಲಿನದು ಏಕಭುಕ್ತ. ದಿನಕ್ಕೆ ಒಂದೇ ಊಟ, ನೀರು ಆ ಊಟದ ಜೊತೆಗಷ್ಟೆ, ಆಮೇಲೆ ಮರುದಿನದ ತನಕ ಹನಿಯೂ ಇಲ್ಲ. ಅದನ್ನು ಸಾಧುಗಳು ಪಾಲಿಸುತ್ತಾರೆ, ಸಂಸಾರಿಗಳಲ್ಲಿ ಅಪರೂಪ. ಅಪ್ಪ ಅಲ್ಲಿಯವರೆಗೆ ರಾತ್ರಿ ನೀರು ಕುಡಿಯುವವರ ಗುಂಪಿನವನೇ. ಹಾಸಿಗೆಯ ಪಕ್ಕ ತಂಬಿಗೆ ಇಟ್ಟುಕೊಂಡು ಮಲಗುತ್ತಿದ್ದ.

ಒಂದು ಮಳೆಗಾಲ ನಮ್ಮ ಊರಿನಲ್ಲಿ ಒಬ್ಬ ಮುನಿಗಳ ಚಾತುರ್ಮಾಸ ನಡೆಯಿತು. ಒಂದು ಮಧ್ಯಾಹ್ನ ಪ್ರವಚನ ಮುಗಿದ ಮೇಲೆ ಅಪ್ಪ ಎದ್ದು ನಿಂತು ಕೈ ಮುಗಿದು, ತನಗೆ ಏಕಭುಕ್ತದ ನೇಮ ಕೊಡಬೇಕು ಎಂದು ಕೇಳಿಕೊಂಡ. ಅವನಿಗಾಗ ಅರವತ್ತೇಳು. ಮುನಿಗಳು ಅವನನ್ನು ನೋಡಿ, ಈ ವಯಸ್ಸಿನಲ್ಲಿ ದೇಹ ತಾಳುತ್ತದೆಯೇ, ಪರ್ವದ ದಿನಗಳಿಗೆ ಮಾತ್ರ ತೆಗೆದುಕೊಂಡರೆ ಸಾಲದೇ ಎಂದು ಕೇಳಿದರು. ಅಪ್ಪ ಒಪ್ಪಲಿಲ್ಲ. ಜೀವ ಇರುವ ತನಕ ಎಂದ. ಸಭೆಯಲ್ಲಿ ಇದ್ದವರೆಲ್ಲ ಜಯಕಾರ ಹಾಕಿದರು.

ಚಾತುರ್ಮಾಸ ಮುಗಿಯುವ ದಿನ ಬಸದಿಯ ಪಂಚರು ಅಪ್ಪನಿಗೆ ಶಾಲು ಹೊದಿಸಿ, ತೆಂಗಿನಕಾಯಿ ಕೊಟ್ಟು ಸನ್ಮಾನ ಮಾಡಿದರು. ಶಾಲನ್ನು ನಿಪ್ಪಾಣಿಯಿಂದ ಆರಿಸಿ ತಂದವನು ನಾನೇ. ಮಗ ನಾಲ್ಕು ಮಾತಾಡಲಿ ಎಂದರು. ನಾನು ಹತ್ತು ನಿಮಿಷ ಮಾತಾಡಿದೆ, ಇಂಥ ತಂದೆಯ ಹೊಟ್ಟೆಯಲ್ಲಿ ಹುಟ್ಟಿದ್ದು ಪುಣ್ಯ ಎಂದೆಲ್ಲ ಹೇಳಿದೆ. ಅಪ್ಪ ತಲೆ ತಗ್ಗಿಸಿ ಕೂತಿದ್ದ. ವಿನಯ ಎಂದುಕೊಂಡೆ.

ಮುಂದಿನ ಎರಡು ವರ್ಷ ಅಪ್ಪ ಒಂದೊಂದನ್ನೇ ಬಿಡುತ್ತಾ ಹೋದ. ಬಸ್ಸಿನ ಪ್ರಯಾಣ ಬಿಟ್ಟ. ಅಥಣಿಯಲ್ಲಿ ತನ್ನ ತಂಗಿಯ ಮಗನ ಮದುವೆ ಇದ್ದರೆ ಅವ್ವನನ್ನು ಕಳಿಸಿ ತಾನು ಮನೆಯಲ್ಲಿ ಉಳಿದ. ನನ್ನ ಅಂಗಡಿಗೆ ತಿಂಗಳಿಗೊಮ್ಮೆ ಬಂದು ಕೂಡುತ್ತಿದ್ದವನು ಅದನ್ನೂ ನಿಲ್ಲಿಸಿದ. ಬಸದಿಯಲ್ಲಿ ಅಭಿಷೇಕಕ್ಕೆ ಯಾವಾಗಲೂ ಮುಂದೆ ನಿಲ್ಲುತ್ತಿದ್ದವನು, ಇನ್ನು ಹರೆಯದವರು ಮಾಡಲಿ ಎಂದು ಗರ್ಭಗುಡಿಯ ಹೊರಗೇ ನಿಂತು ಕೈ ಮುಗಿದು ಬರತೊಡಗಿದ. ಸಭೆಗೆ ಹೋದರೆ ಬಾಗಿಲ ಹತ್ತಿರ ಕೂಡುವನು, ನಡುವೆ ಎದ್ದು ಹೋಗುವನು. ಅಡಿಕೆಲೆ ಬಿಟ್ಟ, ಚಹಾ ಬಿಟ್ಟ, ನಗುವುದನ್ನೂ ಹೆಚ್ಚು ಕಡಿಮೆ ಬಿಟ್ಟ. ಊರಿನವರು ಇದನ್ನೆಲ್ಲ ವೈರಾಗ್ಯ ಎಂದರು. ನಾನೂ ಅದನ್ನೇ ಹಾರೂಗೇರಿಯಲ್ಲಿ ಹೇಳಿಕೊಂಡು ತಿರುಗಿದೆ. ಔಷಧದ ಅಂಗಡಿಯವನ ಅಪ್ಪ ಎಂಥ ತ್ಯಾಗಿ ಎಂದು ಗಿರಾಕಿಗಳು ಹೇಳಿದರೆ ನನ್ನ ಎದೆ ಉಬ್ಬುತ್ತಿತ್ತು.

ಎರಡನೆಯ ವರ್ಷದಲ್ಲಿ ಅವನಿಗೆ ಸೊಂಟನೋವು ಶುರುವಾಯಿತು. ನಾನು ಮುಲಾಮು ಕೊಟ್ಟೆ, ಗುಳಿಗೆ ಕೊಟ್ಟೆ, ಮತ್ತೂ ಜೋರಾದ ಗುಳಿಗೆ ಕೊಟ್ಟೆ. ನೋವು ಎಲ್ಲಿ ಎಂದು ಕೇಳಿದೆನೇ ಹೊರತು ಇನ್ನೇನನ್ನೂ ಕೇಳಲಿಲ್ಲ. ಕೇಳಲು ನನಗೆ ನಾಚಿಕೆಯೇ ಇತ್ತು ಎಂದು ಈಗ ಅನ್ನಿಸುತ್ತದೆ. ಬೇರೆಯವರ ಅಪ್ಪಂದಿರ ಜೊತೆ ಚೇಷ್ಟೆ ಮಾಡುತ್ತಿದ್ದ ನನಗೆ ನನ್ನ ಅಪ್ಪನ ಎದುರು ನಾಲಿಗೆ ಏಳುತ್ತಿರಲಿಲ್ಲ.

ಆ ಚಳಿಗಾಲದ ಒಂದು ಬೆಳಿಗ್ಗೆ ಕಬ್ಬಿನ ಲಾರಿಯ ಡ್ರೈವರ್ ಒಬ್ಬ ಅಂಗಡಿಯ ಮುಂದೆ ಗಾಡಿ ನಿಲ್ಲಿಸಿ, ನನ್ನ ತಮ್ಮ ಹೇಳಿ ಕಳಿಸಿದ್ದನ್ನು ಮುಟ್ಟಿಸಿದ. ಅಪ್ಪನ ಹೊಟ್ಟೆ ಉಬ್ಬಿದೆ, ನಿನ್ನೆಯಿಂದ ಒಂದಕ್ಕೆ ಹೋಗಿಲ್ಲ, ಕೂಡಲೂ ಆಗದೆ ನಿಲ್ಲಲೂ ಆಗದೆ ಗೋಡೆ ಹಿಡಿದುಕೊಂಡಿದ್ದಾನೆ. ನಾನು ಹೋಗಿ ಮುಟ್ಟುವಷ್ಟರಲ್ಲಿ ಮಧ್ಯಾಹ್ನ. ಅಪ್ಪನ ಮುಖ ಬೆವರಿನಲ್ಲಿ ತೊಯ್ದಿತ್ತು. ಹೊಕ್ಕುಳಿನ ಕೆಳಗೆ ಮುಟ್ಟಿದರೆ ಕಲ್ಲಂಗಡಿಯ ಹಾಗೆ ಗಟ್ಟಿ. ಜೀಪು ಮಾಡಿಕೊಂಡು, ಅವ್ವನನ್ನೂ ಕೂಡಿಸಿಕೊಂಡು ಮಿರಜಕ್ಕೆ ಹೊರಟೆವು. ದಾರಿಯುದ್ದಕ್ಕೂ ಅವನು ನನ್ನ ಕೈ ಹಿಡಿದುಕೊಂಡಿದ್ದ. ಅವನು ನನ್ನ ಕೈ ಹಿಡಿದದ್ದು ನಾನು ಶಾಲೆಗೆ ಸೇರಿದ ಮೇಲೆ ಅದೇ ಮೊದಲು.

ಅಲ್ಲಿ ನಳಿಗೆ ಹಾಕಿ ಮೂತ್ರ ತೆಗೆದರು. ಅಪ್ಪ ಕಣ್ಣು ಮುಚ್ಚಿ ನಿಟ್ಟುಸಿರು ಬಿಟ್ಟ. ಆಮೇಲೆ ಡಾಕ್ಟರು ಕೈಗವಸು ಹಾಕಿಕೊಂಡು, ಹಿಂದಿನಿಂದ ಬೆರಳು ಹಾಕಿ ಪರೀಕ್ಷೆ ಮಾಡಬೇಕು ಎಂದರು. ಅಪ್ಪ ಮುಖವನ್ನು ಗೋಡೆಯ ಕಡೆ ತಿರುಗಿಸಿಕೊಂಡ. ಅರ್ಧ ನಿಮಿಷದ ಕೆಲಸ. ಆ ಅರ್ಧ ನಿಮಿಷಕ್ಕೆ ಅಂಜಿ ಎಷ್ಟು ಜನ ವರ್ಷಗಟ್ಟಲೆ ಮನೆಯಲ್ಲೇ ಕೂಡುತ್ತಾರೆ ಎಂಬುದು ನನಗೆ ಗೊತ್ತಿತ್ತು. ಅವರಲ್ಲಿ ನನ್ನ ಅಪ್ಪನೂ ಒಬ್ಬ ಎಂಬುದು ಮಾತ್ರ ಆವತ್ತು ಗೊತ್ತಾಯಿತು.

ರಕ್ತ ಪರೀಕ್ಷೆ, ಎಕ್ಸ್‌ರೇ, ಸೂಜಿಯಿಂದ ತೆಗೆದ ಚೂರಿನ ಪರೀಕ್ಷೆ ಎಲ್ಲ ಆದವು. ಡಾಕ್ಟರು ನನ್ನನ್ನು ಹೊರಗೆ ಕರೆದು ಮರಾಠಿಯಲ್ಲಿ ವಿವರಿಸಿದರು. ಪ್ರಾಸ್ಟೇಟ್ ಗ್ರಂಥಿಯ ಕ್ಯಾನ್ಸರ್. ಬೆನ್ನಿನ ಎಲುಬಿಗೆ ಹೋಗಿದೆ, ಸೊಂಟನೋವು ಅದರದ್ದೇ. ಪೂರ್ತಿ ವಾಸಿ ಮಾಡುವ ಹಂತ ದಾಟಿದೆ. ಆದರೆ ಗಂಡಸಿನ ಬೀಜದಲ್ಲಿ ತಯಾರಾಗುವ ರಸವೇ ಈ ರೋಗಕ್ಕೆ ಗೊಬ್ಬರ. ಎರಡೂ ಬೀಜಗಳನ್ನು ತೆಗೆದರೆ ರೋಗ ಬಡವಾಗುತ್ತದೆ, ನೋವು ಇಳಿಯುತ್ತದೆ, ಕೆಲವು ವರ್ಷ ಚೆನ್ನಾಗಿ ಬದುಕಬಹುದು. ಸಣ್ಣ ಆಪರೇಷನ್. ಎರಡು ವರ್ಷ ಮೊದಲು ಬಂದಿದ್ದರೆ ಎಂದು ನಾನು ಕೇಳಿದೆ. ಆಗ ಬೇರೆ ಮಾತು ಇರುತ್ತಿತ್ತೋ ಏನೋ, ಖಾತ್ರಿಯಾಗಿ ಹೇಳಲಾಗದು ಎಂದರು. ಅಪ್ಪನಿಗೆ ಕ್ಯಾನ್ಸರ್ ಎಂಬ ಶಬ್ದ ಹೇಳಬೇಡಿ ಎಂದು ನಾನು ಕೈ ಮುಗಿದೆ. ಆಗ ಎಲ್ಲರೂ ಹಾಗೇ ಮಾಡುತ್ತಿದ್ದರು.

ಆ ವಾರ್ಡಿನಲ್ಲಿ ಎಂಟು ಹಾಸಿಗೆ. ಎಲ್ಲರಿಗೂ ನಳಿಗೆ, ಎಲ್ಲರ ಮಂಚಕ್ಕೂ ಒಂದೊಂದು ಬಾಟಲಿ. ರಾಯಬಾಗದವರು, ಅಥಣಿಯವರು, ಚಿಕ್ಕೋಡಿಯ ಕಡೆಯವರು, ಮರಾಠಿಯವರು. ನಾನು ಔಷಧದ ಅಂಗಡಿಯವನು ಎಂದು ತಿಳಿದದ್ದೇ ತಡ, ಒಬ್ಬೊಬ್ಬರೇ ಕೈಸನ್ನೆ ಮಾಡಿ ಕರೆಯತೊಡಗಿದರು. ನಲವತ್ತು ವರ್ಷ ಸೈಕಲ್ ಹೊಡೆದದ್ದಕ್ಕೆ ಹೀಗಾಯಿತೇ ಎಂದು ಅಥಣಿಯ ನಿವೃತ್ತ ಮಾಸ್ತರರು ಕೇಳಿದರು. ಮಗ್ಗುಲಲ್ಲಿ ಮಲಗಿದ ಹೆಂಡತಿಗೆ ಹತ್ತುತ್ತದೆಯೇ ಎಂದು ಒಬ್ಬನಿಗೆ ಚಿಂತೆ. ಹರೆಯದಲ್ಲಿ ಮಾಡಿದ ಯಾವುದೋ ತಪ್ಪು ಈಗ ಹೊರಬಿದ್ದಿದೆ ಎಂದು ಇನ್ನೊಬ್ಬ ತಾನೇ ತೀರ್ಮಾನ ಮಾಡಿಕೊಂಡಿದ್ದ, ತಪ್ಪು ಯಾವುದೆಂದು ಮಾತ್ರ ಹೇಳಲೊಲ್ಲ. ನಿಪ್ಪಾಣಿಯಲ್ಲಿ ತಂಬಾಕಿನ ಗೋದಾಮಿನಲ್ಲಿ ದುಡಿದವನು ತಂಬಾಕಿನ ಧೂಳು ಒಳಗೆ ಇಳಿದಿರಬೇಕು ಎಂದ. ನಾನು ಎಲ್ಲರಿಗೂ ಉತ್ತರ ಕೊಟ್ಟೆ. ತಂಬಾಕಿನವನಿಗಂತೂ ಅದೇ ಕಾರಣ, ಅನುಮಾನವೇ ಬೇಡ ಎಂದು ಖಡಕ್ಕಾಗಿ ಹೇಳಿದೆ.

ಡಾಕ್ಟರು ಸುತ್ತು ಹಾಕಲು ಬಂದಾಗ ಇದು ಅವರ ಕಿವಿಗೆ ಬಿತ್ತು. ನನ್ನ ಮುಖ ನೋಡಿ ನಕ್ಕರು. ಸ್ಟೂಲು ಎಳೆದು ಕೂತು, ಅರ್ಧ ಮರಾಠಿ ಅರ್ಧ ಕನ್ನಡದಲ್ಲಿ ಎಲ್ಲರಿಗೂ ಕೇಳುವಂತೆ ಹೇಳಿದರು. ತಂಬಾಕು ಮಾಡುವ ಬೇರೆ ಕೇಡು ಬೇಕಾದಷ್ಟಿದೆ, ಆದರೆ ಈ ರೋಗಕ್ಕೆ ದೊಡ್ಡ ಕಾರಣ ವಯಸ್ಸು. ಸೈಕಲ್ಲಿನ ಮೇಲೆ ತಪ್ಪು ಹಾಕಬೇಡಿ. ಹೆಂಡತಿಗೆ ಹತ್ತುವುದಿಲ್ಲ. ಪಾಪಪುಣ್ಯ ಇಲ್ಲಿ ಬರುವುದಿಲ್ಲ. ಈ ವಾರ್ಡಿನಲ್ಲಿ ಹೆಚ್ಚಿನವರದ್ದು ಬರೀ ವಯಸ್ಸಿನ ಊತ, ಕ್ಯಾನ್ಸರ್ ಅಲ್ಲವೇ ಅಲ್ಲ. ಯಾವುದು ಯಾವುದು ಎಂದು ಪರೀಕ್ಷೆ ಮಾಡದೆ ಮನೆಯಲ್ಲಿ ಕೂತು ತಿಳಿಯಲು ಬರುವುದಿಲ್ಲ. ಮಾಸ್ತರರು ಮಕ್ಕಳಿಗೆ ಬರುತ್ತದೆಯೇ ಎಂದು ಕೇಳಿದರು. ಬಂದೇ ಬರುತ್ತದೆ ಎಂದಲ್ಲ, ಆದರೆ ಅಪ್ಪನಿಗೋ ಅಣ್ಣತಮ್ಮಂದಿರಿಗೋ ಬಂದಿದ್ದರೆ ಉಳಿದವರಿಗಿಂತ ಹೆಚ್ಚು ಎಚ್ಚರದಿಂದ ಇರಬೇಕು, ಐವತ್ತು ಮುಟ್ಟುವ ಮೊದಲೇ ತೋರಿಸಿಕೊಳ್ಳಬೇಕು ಎಂದರು. ಹೇಳುವಾಗ ನನ್ನ ಕಡೆ ನೋಡಲಿಲ್ಲ. ನೋಡದೆ ಇದ್ದದ್ದೇ ನನಗೆ ಸಾಕಾಯಿತು.

ಆದರೆ ಆಪರೇಷನ್ನಿಗೆ ಅಪ್ಪ ಸಹಿ ಹಾಕಲೊಲ್ಲ. ಮನೆಗೆ ಕರೆದುಕೊಂಡು ಹೋಗು ಎಂದು ಒಂದೇ ಹಟ. ಇನ್ನೊಂದು ತಕರಾರು ನೀರಿನದ್ದು. ನಳಿಗೆ ಇರುವ ತನಕ ಹಗಲು ರಾತ್ರಿ ನೀರು ಕುಡಿಯುತ್ತಲೇ ಇರಬೇಕು ಎಂದು ಡಾಕ್ಟರು ಹೇಳಿದ್ದರು. ಅಪ್ಪ ಮಧ್ಯಾಹ್ನ ಊಟದ ಹೊತ್ತಿಗೆ ಎರಡು ತಂಬಿಗೆ ಕುಡಿದು ಬಾಯಿ ಒರೆಸಿಕೊಂಡರೆ ಮುಗಿಯಿತು. ಮೂತ್ರ ಕಂದುಬಣ್ಣಕ್ಕೆ ತಿರುಗಿತು. ಮೂರನೆಯ ದಿನ ರಕ್ತದ ಗಡ್ಡೆ ಸಿಕ್ಕಿ ನಳಿಗೆ ಕಟ್ಟಿಕೊಂಡಿತು, ಮತ್ತೆ ಹೊಟ್ಟೆ ಉಬ್ಬಿತು. ನರ್ಸು ಓಡಿಬಂದು ತೊಳೆದು ಸರಿಮಾಡಿದಳು. ಮುದುಕನಿಗೆ ನೀರು ಕೊಡಲೂ ಮನೆಯವರಿಗೆ ಆಗುವುದಿಲ್ಲವೇ ಎಂದು ಡಾಕ್ಟರು ನನ್ನನ್ನು ಬೈದರು. ನೇಮದ ವಿಷಯ ಹೇಳಿದೆ. ನೇಮ ಇಟ್ಟುಕೊಂಡರೆ ಇವರ ಮೂತ್ರಪಿಂಡ ಉಳಿಯುವುದಿಲ್ಲ, ನೀವೇ ಯೋಚನೆ ಮಾಡಿ ಎಂದು ಹೋದರು.

ನನಗೆ ಸಿಟ್ಟು ಬಂತು. ಅಪ್ಪನ ಹಟಕ್ಕೆ ಏನು ಕಾರಣ ಎಂದು ನಾನು ನನ್ನಷ್ಟಕ್ಕೆ ನಿರ್ಧಾರ ಮಾಡಿಬಿಟ್ಟಿದ್ದೆ. ಎಲ್ಲ ಗಂಡಸರಿಗೂ ಇರುವ ಅಂಜಿಕೆಯೇ ಇವನಿಗೂ, ಗಂಡಸುತನ ಹೋಗುತ್ತದೆ ಎಂಬ ಅಂಜಿಕೆ. ಅವನ ಮಂಚದ ಹತ್ತಿರ ನಿಂತು, ಈ ವಯಸ್ಸಿನಲ್ಲಿ ಅವನ್ನು ಇಟ್ಟುಕೊಂಡು ಏನು ಮಾಡುವುದಿದೆ ಎಂದು ಕೇಳಿಬಿಟ್ಟೆ. ಪಕ್ಕದ ಹಾಸಿಗೆಯ ಮಾಸ್ತರರು ಮುಖ ತಿರುಗಿಸಿದರು. ಅವ್ವ ಕೂತಲ್ಲಿಂದ ಎದ್ದು, ಹೊರಗೆ ಹೋಗು ಎಂದಳು. ಅವ್ವ ಅದಕ್ಕೆ ಮೊದಲು ಎಂದೂ ನನಗೆ ಹಾಗೆ ಹೇಳಿದ್ದು ನೆನಪಿಲ್ಲ. ನಾನು ಹೋಗಿ ಜಗಲಿಯ ಮೇಲೆ ಕೂತೆ. ಆ ಮಾತನ್ನು ವಾಪಸು ತೆಗೆದುಕೊಳ್ಳಲು ಬರುವಂತಿದ್ದರೆ ಎಂದು ಇವತ್ತಿಗೂ ಅನ್ನಿಸುತ್ತದೆ.

ಸಂಜೆಗೆ ಅಪ್ಪನೇ ಕರೆಸಿದ. ಹೊರಗೆ ದೀಪ ಹಚ್ಚುವ ಹೊತ್ತು. ಅವ್ವ ಕಾಲಬುಡದಲ್ಲಿ ಕೂತಿದ್ದಳು. ಅಪ್ಪ ಸುತ್ತು ಬಳಸಿ ಮಾತಾಡುವವನಲ್ಲ.

"ಮೂರ ದಿನದಿಂದ ನೀ ನನ್ನ ಮಾರಿ ನೋಡಿ ಮಾತಾಡಿಲ್ಲ. ಕ್ಯಾನ್ಸರ್ ಐತೇನ?"

ನಾನು ಹೌದು ಎಂದೆ. ಅವನು ತಲೆಯಾಡಿಸಿದ. ಗಾಬರಿಯಾಗಲಿಲ್ಲ, ಅಳಲಿಲ್ಲ. ನೀನು ಮಧ್ಯಾಹ್ನ ಅಂದದ್ದೂ ಖರೆ, ಆ ಅಂಜಿಕೆಯೂ ನನಗೆ ಇದೆ, ಇಲ್ಲ ಎನ್ನುವುದಿಲ್ಲ ಎಂದ. ಆದರೆ ಸಹಿ ಹಾಕದೆ ಇರುವುದು ಅದಕ್ಕಲ್ಲ ಎಂದ. ಆಮೇಲೆ ಕಾರಣ ಹೇಳಿದ.

"ನಾ ದೇವರ ಸಲುವಾಗಿ ನೀರ ಬಿಡಲಿಲ್ಲಪಾ. ಕಾಲ್ಮಡಿ ಸಲುವಾಗಿ ಬಿಟ್ಟೆ. ನೀರ ಕುಡದರ ರಾತ್ರಿ ಗಳಿಗಿಗೊಮ್ಮೆ ಏಳಬೇಕಾಗತಿತ್ತು, ಧೋತರ ತೊಯ್ತಿತ್ತು. ಹೇಳಾಕ ನಾಚಿಕಿ ಬಂತು. ನೇಮ ಅಂದ್ರ ಯಾರೂ ಏನೂ ಕೇಳಂಗಿಲ್ಲ. ನೀವು ಶಾಲು ಹೊದಿಸಿದ್ರಿ."

ಸಭೆಯಲ್ಲಿ ಅವನು ತಲೆ ತಗ್ಗಿಸಿ ಕೂತದ್ದು, ಗರ್ಭಗುಡಿಯ ಹೊರಗೆ ನಿಂತದ್ದು, ಬಸ್ಸು ಬಿಟ್ಟದ್ದು, ಮದುವೆ ಬಿಟ್ಟದ್ದು ಎಲ್ಲ ಒಮ್ಮೆಲೇ ನನ್ನ ಮುಂದೆ ನಿಂತವು. ತೊಯ್ದ ಬಟ್ಟೆಯಲ್ಲಿ ದೇವರನ್ನು ಮುಟ್ಟಬಾರದು ಎಂದು ಅವನು ಹಿಂದೆ ಸರಿದಿದ್ದ. ನಾವು ಅದಕ್ಕೆ ವೈರಾಗ್ಯ ಎಂದು ಹೆಸರಿಟ್ಟು ಅವನಿಗೆ ಹಿಂದೆ ಬರಲು ದಾರಿಯೇ ಇಲ್ಲದಂತೆ ಮಾಡಿದ್ದೆವು. ಹತ್ತು ನಿಮಿಷ ಭಾಷಣ ಮಾಡಿ ಆ ದಾರಿಗೆ ಬೀಗ ಹಾಕಿದವನು ನಾನು.

ಈಗ ಅವನ ಮನಸ್ಸಿನಲ್ಲಿ ಇದ್ದದ್ದು ಇಷ್ಟು. ಸುಳ್ಳು ನೇಮ ತೆಗೆದುಕೊಂಡದ್ದು ರೋಗಕ್ಕಿಂತ ದೊಡ್ಡ ಪಾಪ. ಅದನ್ನು ಖರೆ ಮಾಡಲು ಉಳಿದಿರುವುದು ಒಂದೇ ಉಪಾಯ. ಮನೆಗೆ ಹೋಗಿ, ನೇಮ ಬಿಡದೆ, ಹಾಗೇ ಹೋಗಿಬಿಡುವುದು. ಆಗ ಊರು ಅಂದುಕೊಂಡದ್ದು ಸುಳ್ಳಾಗುವುದಿಲ್ಲ. ಆಪರೇಷನ್ ಮಾಡಿಸಿಕೊಂಡು ರಾತ್ರಿ ಹಗಲು ನೀರು ಕುಡಿದು ಬದುಕಿದರೆ ಬಸದಿಗೆ ಯಾವ ಮುಖ ಇಟ್ಟುಕೊಂಡು ಹೋಗುವುದು.

ನನ್ನ ಅಂಗಡಿಯಲ್ಲಿ ಇದಕ್ಕೆ ಔಷಧ ಇರಲಿಲ್ಲ. ಅವ್ವ ಮಾತ್ರ ಇಷ್ಟೆಲ್ಲ ಕೇಳಿಯೂ ಮುಖದ ಬಣ್ಣ ಬದಲಿಸಲಿಲ್ಲ. ಮೂಲೆಯಲ್ಲಿ ಇಟ್ಟಿದ್ದ ತಂಬಿಗೆಯಿಂದ ಲೋಟಕ್ಕೆ ನೀರು ಬಗ್ಗಿಸಿದಳು.

"ಎರಡ ವರ್ಷ ನಿಮ್ಮ ಧೋತರ ಒಗದಾಕಿ ನಾ. ನಂಗ ಮೊದಲ ದಿನದಿಂದ ಗೊತ್ತೈತ್ರಿ. ನೀವು ಹೇಳಲಿಲ್ಲ ಅಂತ ನಾ ಕೇಳಲಿಲ್ಲ. ಅದು ನಂದೂ ತಪ್ಪು. ಸುಳ್ಳ ಖರೆ ಮಾಡಾಕ ಸಾಯಬ್ಯಾಡ್ರಿ. ಸುಳ್ಳಂತ ಹೇಳಿದ್ರ ಮುಗೀತು."

ಲೋಟ ಚಾಚಿ ಹಿಡಿದೇ ಇದ್ದಳು. ಹೊತ್ತು ಮುಳುಗಿತ್ತು. ಅಪ್ಪ ಲೋಟವನ್ನೂ ಅವಳನ್ನೂ ನೋಡಿದ. ನಿನಗೆ ಗೊತ್ತಿತ್ತೇ ಎಂದು ಸಣ್ಣ ದನಿಯಲ್ಲಿ ಕೇಳಿದ. ಅವಳು ಕೈಯನ್ನು ಹಿಂದೆ ತೆಗೆಯಲಿಲ್ಲ. ಅಪ್ಪ ಕೈ ಮುಗಿದು ಏನೋ ಅಂದುಕೊಂಡು, ಲೋಟ ತೆಗೆದುಕೊಂಡು ಕುಡಿದ. ಒಂದೇ ಉಸಿರಿಗೆ ಕುಡಿದು ಇನ್ನೊಂದು ಕೇಳಿದ. ಎರಡು ವರ್ಷದ ಬಾಯಾರಿಕೆ ಅದು. ನಾನು ಕಿಟಕಿಯ ಕಡೆ ತಿರುಗಿ ಅತ್ತೆ.

ಮರುದಿನ ಸಹಿ ಹಾಕಿದ. ಅದರ ಮರುದಿನ ಆಪರೇಷನ್ ಆಯಿತು. ಡಾಕ್ಟರು ಹೇಳಿದ್ದು ನಿಜವಾಯಿತು, ಒಂದು ವಾರದೊಳಗೆ ಸೊಂಟನೋವು ಅರ್ಧಕ್ಕೆ ಇಳಿಯಿತು. ಕೆಲವು ದಿನಗಳ ಮೇಲೆ ನಳಿಗೆ ತೆಗೆದರು. ಅಪ್ಪ ಒಂದಕ್ಕೆ ಹೋಗಿ ಬಂದು, ಧಾರೆ ಸಣ್ಣದಾದರೂ ಬಂತು ಎಂದು ಇಡೀ ವಾರ್ಡಿಗೆ ಹೇಳಿದ. ಮನೆಗೆ ಬಂದ ಮೇಲೆ ಹೊಸ ತ್ರಾಸು ಬಂತು. ಚಳಿಯಲ್ಲೂ ಒಮ್ಮೆಲೇ ಮುಖ ಕೆಂಪಾಗಿ ಮೈಯೆಲ್ಲ ಬೆವರುತ್ತಿತ್ತು. ಅವ್ವ ಬೀಸಣಿಗೆ ಹಿಡಿದು, ನನಗೆ ಐವತ್ತರಲ್ಲಿ ಆದದ್ದು ನಿಮಗೆ ಎಪ್ಪತ್ತರಲ್ಲಿ ಆಗುತ್ತಿದೆ ಎಂದು ನಗುತ್ತಿದ್ದಳು. ಅವನೂ ನಗುತ್ತಿದ್ದ. ಮನೆಯಲ್ಲಿ ಅವನು ನಗುವುದನ್ನು ಕೇಳಿ ಎಷ್ಟೋ ದಿನ ಆಗಿತ್ತು. ಗಡ್ಡ ಸ್ವಲ್ಪ ತೆಳುವಾಯಿತು, ಹೊಟ್ಟೆ ಬಂತು. ಉಳಿದಂತೆ ಅದೇ ಅಪ್ಪ, ಅದೇ ದನಿ, ಕಬ್ಬಿಗೆ ನೀರು ಬಿಡುವುದು ತಡವಾದರೆ ತಮ್ಮನ ಮೇಲೆ ಅದೇ ಹರಿಹಾಯುವಿಕೆ. ಹಾಗೆ ನಾಲ್ಕು ವರ್ಷ ಬದುಕಿದ.

ಬಸದಿಗೆ ಮಾತ್ರ ಮೊದಲ ಒಂದು ತಿಂಗಳು ಹೋಗಲಿಲ್ಲ. ನಾನು, ಇರಲಿ ಬಿಡು, ಡಾಕ್ಟರು ನೇಮ ಬಿಡಿಸಿದರು ಎಂದು ಹೇಳಿದರೆ ಊರು ಒಪ್ಪುತ್ತದೆ ಎಂದೆ. ಅದೂ ನಿಜವೇ ಆಗಿತ್ತು, ಕಾಯಿಲೆಯವನಿಗೆ ಧರ್ಮದಲ್ಲಿ ರಿಯಾಯಿತಿ ಇದೆ. ಅಪ್ಪ ಕೇಳಲಿಲ್ಲ. ಅದು ಮತ್ತೊಂದು ಸುಳ್ಳಾಗುತ್ತದೆ ಎಂದ. ಒಂದು ಭಾನುವಾರ ಬೆಳಿಗ್ಗೆ ಸ್ನಾನ ಮಾಡಿ, ಒಗೆದ ಧೋತರ ಉಟ್ಟು, ನನ್ನನ್ನು ಕರೆದುಕೊಂಡು ಹೊರಟ.

ಪೂಜೆ ಮುಗಿದು ಜನ ಮಂಟಪದಲ್ಲಿ ಕೂತಿದ್ದರು. ಗಂಡಸರು ಒಂದು ಕಡೆ, ಹೆಂಗಸರು ಒಂದು ಕಡೆ. ಅಪ್ಪ ಬಾಗಿಲ ಹತ್ತಿರ ಕೂಡದೆ ನಡುವೆ ಹೋಗಿ ನಿಂತ. ಅವನು ಹೇಳಿದ್ದು ಎರಡು ನಿಮಿಷವೂ ಹಿಡಿಯಲಿಲ್ಲ. ತಾನು ನೇಮ ತೆಗೆದುಕೊಂಡದ್ದು ಭಕ್ತಿಯಿಂದಲ್ಲ, ಒಂದಕ್ಕೆ ಹೋಗುವ ತ್ರಾಸು ಮುಚ್ಚಿಕೊಳ್ಳಲು. ಅದು ಕ್ಯಾನ್ಸರ್ ಆಗಿತ್ತು. ಆಪರೇಷನ್ ಆಗಿದೆ, ಎರಡೂ ಬೀಜ ತೆಗೆದಿದ್ದಾರೆ. ಈಗ ರಾತ್ರಿ ನೀರು ಕುಡಿಯುತ್ತೇನೆ. ನೀವು ಕೊಟ್ಟ ಮಾನಕ್ಕೆ ನಾನು ಯೋಗ್ಯನಲ್ಲ, ಯಾವ ಪ್ರಾಯಶ್ಚಿತ್ತ ಹೇಳಿದರೂ ಮಾಡುತ್ತೇನೆ. ಇಷ್ಟು ಹೇಳಿ ಕೈ ಮುಗಿದು ನಿಂತ. ನಾನು ಕಂಬಕ್ಕೆ ಆತುಕೊಂಡಿದ್ದೆ.

ಪಂಚರ ಸಾಲಿನಲ್ಲಿ ಒಬ್ಬರು ತಂಬಾಕಿನ ವ್ಯಾಪಾರಿ ಇದ್ದರು, ಅಪ್ಪನ ವಾರಿಗೆಯವರು, ನಾನು ಕಾಕಾ ಎಂದು ಕರೆಯುತ್ತಿದ್ದವರು. ಅಪ್ಪನನ್ನು ನೋಡಿ ಆರು ತಿಂಗಳ ಹಿಂದೆ ಅವರೂ ಅದೇ ನೇಮ ತೆಗೆದುಕೊಂಡಿದ್ದರು. ಮಾತಿನಲ್ಲಿ ಬಿರುಸು, ಕೆಟ್ಟದ್ದು ಆಡುವುದಿದ್ದರೆ ಅವರೇ ಮೊದಲು ಆಡುತ್ತಾರೆ ಎಂದು ನಾನು ಮೈ ಬಿಗಿ ಹಿಡಿದೆ. ಕಾಕಾ ಟೊಪ್ಪಿಗೆ ತೆಗೆದು ತೊಡೆಯ ಮೇಲೆ ಇಟ್ಟುಕೊಂಡರು. ಅಪ್ಪನನ್ನೇ ನೋಡುತ್ತಾ, ಹೆಂಗಸರು ಇದ್ದಾರೆ ಎಂಬುದನ್ನೂ ಮರೆತು ಕೇಳಿದರು.

"ನೀ ರಾತ್ರಿ ಎಷ್ಟ ಸಲ ಏಳ್ತಿದ್ದಿ?"

"ಮೊದಲ ನಾಕ ಸಲ. ಕಡೀಕ ಎಂಟ," ಎಂದ ಅಪ್ಪ.

"ನಂದ ಆರಕ್ಕ ಬಂದೈತಿ," ಎಂದರು ಕಾಕಾ.

ಅಪ್ಪ ಹೋಗಿ ಅವರ ಪಕ್ಕದಲ್ಲಿ ಕೂತ. ಸೊಂಟ ನೋಯುತ್ತದೆಯೇ, ರಕ್ತ ಬಂದಿದೆಯೇ ಎಂದು ಕೇಳತೊಡಗಿದ. ಹಿಂದಿನ ಸಾಲಿನಿಂದ ಇಬ್ಬರು ಜರುಗಿ ಹತ್ತಿರ ಬಂದರು. ಪ್ರಾಯಶ್ಚಿತ್ತದ ಮಾತು ಅಲ್ಲೇ ಬಿಟ್ಟುಹೋಯಿತು. ಮರುದಿನ ಅಪ್ಪನೇ ಕಾಕಾನನ್ನು ಮಿರಜಕ್ಕೆ ಕರೆದುಕೊಂಡು ಹೋದ. ಅವರದ್ದು ವಯಸ್ಸಿನ ಊತ ಅಷ್ಟೆ, ಆಪರೇಷನ್ ಆಗಿ ಬಹಳ ವರ್ಷ ಬದುಕಿದರು. ಆದರೆ ಅದು ಆಮೇಲಿನ ಮಾತು. ಆ ಬೆಳಿಗ್ಗೆ ಕಂಬದ ಹತ್ತಿರ ನಿಂತ ನನಗೆ ಕಾಕಾನ ಆ ಪ್ರಶ್ನೆಯೊಂದೇ ಕಿವಿಯಲ್ಲಿ ಉಳಿಯಿತು. ಎರಡು ವರ್ಷ ಅಪ್ಪ ಅದೊಂದು ಮಾತಿಗೆ ಕಾದಿದ್ದ. ಪ್ರತಿ ಭಾನುವಾರ ಅವನ ಎದುರು ಕೂತು ಉಂಡು ಬಂದಿದ್ದೆ, ನಾನು ಒಮ್ಮೆಯೂ ಕೇಳಿರಲಿಲ್ಲ.